ಮರಳವಾಡಿಯ ಸೋಮಾರಿ ಬಳ್ಳಿ

ಕಳೆದ ತಿಂಗಳು ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನ ಮಡಿಲಲ್ಲಿ ಕಪ್ಪು ದ್ರಾಕ್ಷಿಯ ಬುಟ್ಟಿ ಇತ್ತು. ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಬೆಂಗಳೂರು ಬ್ಲೂ ತಳಿಯ ವಾಸನೆಗೆ ಗೋಣಿ ಅಡ್ಡಿಯಾಗುವುದಿಲ್ಲ. ಬೇರೆ ದ್ರಾಕ್ಷಿಗೆ ಆ ವಾಸನೆ ಇಲ್ಲ. ಸಿಹಿಯ ಒಳಗೆ ಒಂದು ಕಾಡು ಗಮಲು ಸೇರಿಕೊಂಡಿರುತ್ತದೆ, ಕೈಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ರಾಮನಗರ ಬರುವವರೆಗೂ ಮರಳವಾಡಿಯ ಆ ವರ್ಷವೇ ನೆನಪಾಗುತ್ತಿತ್ತು.

ಆಗ ನನಗೆ ಇಪ್ಪತ್ತೈದು. ಸಸ್ಯರೋಗಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ರಾಮನಗರದ ಹೊರಗಿದ್ದ ಎರಡು ಕೋಣೆಯ ಪ್ರಯೋಗಾಲಯವೊಂದರಲ್ಲಿ ಒಂದು ವರ್ಷದ ಗುತ್ತಿಗೆಯ ಮೇಲೆ ಸೇರಿದ್ದೆ. ದ್ರಾಕ್ಷಿ ತೋಟಗಳಿಂದ ಎಲೆ ತಂದು, ಬಳ್ಳಿಯಲ್ಲಿ ವೈರಸ್ ಇದೆಯೇ ಇಲ್ಲವೇ ಎಂದು ಹೇಳುವುದು ನನ್ನ ಕೆಲಸ. ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬೆಳಗ್ಗೆ ಹತ್ತರ ಹೊತ್ತಿಗೆ ಬೆಂದ ಗೂಡಿನ ವಾಸನೆ ನಮ್ಮ ಕೋಣೆಯೊಳಗೂ ತುಂಬುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮೊದಲ ದಿನದಿಂದಲೂ ಏನೂ ಅನ್ನಿಸಲಿಲ್ಲ.

ಆ ವರ್ಷ ನನಗೆ ಹೆಚ್ಚಿನದೇನೂ ಅನ್ನಿಸುತ್ತಿರಲಿಲ್ಲ. ಯಾಕೆಂದು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಒಂದು ಸಾವಾಗಿತ್ತು, ಅಷ್ಟು ಸಾಕು. ಕೆಲಸಕ್ಕೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ರಿಜಿಸ್ಟರಿನಲ್ಲಿ ಸ್ಪಷ್ಟವಾದ ಅಕ್ಷರದಲ್ಲಿ ಬರೆಯುತ್ತಿದ್ದೆ. ಯಾರಾದರೂ ಏನಾದರೂ ಹೇಳಿದರೆ ಸರಿ ಎನ್ನುತ್ತಿದ್ದೆ. ವಾದಿಸಲು ಬೇಕಾದ ಒಂದು ಚೂರು ಬಿಸಿ ನನ್ನಲ್ಲಿರಲಿಲ್ಲ.

ಮರಳವಾಡಿಗೆ ಮೊದಲು ಹೋದದ್ದು ಜೂನ್ ತಿಂಗಳಲ್ಲಿ. ಒಂದೆರಡು ಮಳೆ ಬಿದ್ದು ನಿಂತಿತ್ತು. ಊರಾಚೆ ಚಿಕ್ಕತಾಯಮ್ಮನವರ ತೋಟ. ಕಲ್ಲುಕಂಬಗಳ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸಿದ ಚಪ್ಪರ, ಒಳಗೆ ಬಗ್ಗಿ ನಡೆಯಬೇಕು, ತಲೆಯ ಮೇಲೆ ಹಸಿರು ಗೊಂಚಲು. ಚಿಕ್ಕತಾಯಮ್ಮನಿಗೆ ಐವತ್ತೈದು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಮೈದುನ ಕೆಂಪಣ್ಣನ ಜೊತೆ ಸೇರಿ ತೋಟ ನೋಡಿಕೊಳ್ಳುತ್ತಿದ್ದರು. ಕತ್ತರಿ ಮಾತ್ರ ಅವರ ಕೈಯಲ್ಲೇ ಇರುತ್ತಿತ್ತು.

"ಎಲೆ ಕಿತ್ಕಂಡೋಗಿ ಏನ್ ಮಾಡೀರಿ ಮೇಡಂ, ಬೋಂಡ ಹಾಕೀರಾ?" ಎಂದರು.

"ರಕ್ತ ಪರೀಕ್ಷೆ ಇದ್ದ ಹಾಗೆ ಅಮ್ಮ. ಬಳ್ಳಿಗೆ ಕಾಯಿಲೆ ಇದೆಯಾ ಅಂತ ನೋಡೋದು."

"ಹಂಗಾರೆ ಸುಗರ್ ಐತಾ ಅಂತ್ಲೂ ನೋಡ್ಬುಡಿ. ಇದ್ರೆ ಒಳ್ಳೇದೆಯಾ."

ತೋಟದ ಮೂಡಣ ಬದಿಯ ಸಾಲೊಂದರ ಬಗ್ಗೆ ಅವರಿಗೆ ವಿಶೇಷ ಅಭಿಮಾನ. ಉಳಿದ ಬಳ್ಳಿಗಳ ಹಣ್ಣು ಕೊಯ್ದು ಮೂರು ವಾರ ಕಳೆದ ಮೇಲೆ ಆ ಸಾಲು ಬಣ್ಣ ತಿರುಗುತ್ತಿತ್ತು. ಊರಿನ ದ್ರಾಕ್ಷಿಯೆಲ್ಲ ಮುಗಿದು ಪೇಟೆಯಲ್ಲಿ ಹಣ್ಣು ಕಾಣದಿದ್ದಾಗ ಚಿಕ್ಕತಾಯಮ್ಮನ ಬುಟ್ಟಿ ಹೋಗುತ್ತಿತ್ತು. ಮೂಲೆಯ ಒಂದು ಬಳ್ಳಿ ಹೀಗೆ ತಡ ಮಾಡುವುದನ್ನು ಹನ್ನೆರಡು ವರ್ಷದ ಹಿಂದೆ ಕಂಡವರು ಅವರೇ. ಅದರ ಕಡ್ಡಿ ನೆಟ್ಟು ಒಂದು ಸಾಲು ಮಾಡಿದ್ದರು. ಕೆಂಪಣ್ಣ ಅದನ್ನು ಸೋಮಾರಿ ಸಾಲು ಎಂದು ಕರೆಯುತ್ತಿದ್ದ.

"ಅತ್ಗೆ ಬಳ್ಳಿ ಅತ್ಗೆ ತರಾನೆಯಾ ಮೇಡಂ," ಎಂದ ನನಗೆ. "ಊರೆಲ್ಲ ಉಂಡು ಕೈ ತೊಳ್ಕಂಡ್ಮೇಲೆ ಎಲೆ ಮುಂದೆ ಕೂತ್ಕತ್ತದೆ."

"ಕಡೇ ಪಂಕ್ತೀಲಿ ಕೂತೋರ್ಗೇ ಕಣಪ್ಪ ತಳದ ಗಟ್ಟಿ ಪಾಯ್ಸ ಸಿಕ್ಕದು," ಎಂದರು ಚಿಕ್ಕತಾಯಮ್ಮ, ತಿರುಗಿ ನೋಡದೆ.

ನಾನು ಗೊಂಚಲಿನ ಪಕ್ಕದ ಹಳೆಯ ಎಲೆಗೆ ಕೈ ಹಾಕಿದೆ. ಅವರು ನನ್ನ ಮುಂಗೈ ಹಿಡಿದರು.

"ಅದ ಮುಟ್ಬ್ಯಾಡ ಮಗಾ. ಮೊದಲ್ನೇ ಗೊಂಚ್ಲು ಮನೆದೇವ್ರ ಮುಂದೆ ಇಡಗಂಟ ಹಣ್ಣಿನ ಪಕ್ಕದೆಲೆನ ಹೊರಗ್ನೋರು ಕೀಳಂಗಿಲ್ಲ. ನಮ್ಮತ್ತೆ ಕಾಲ್ದಿಂದ ಹಂಗೇಯ. ತುದೀದ ತಗ, ಎಷ್ಟ್ ಬೇಕಾರೂ ತಗ."

ಈ ವೈರಸ್ ಬಳ್ಳಿಯ ಹಳೆಯ ಭಾಗದಲ್ಲಿ ಮೊದಲು ತುಂಬಿಕೊಳ್ಳುತ್ತದೆ. ಬುಡದ ಬಲಿತ ಎಲೆಯ ತೊಟ್ಟಿನಲ್ಲಿ ಸಿಗುವಷ್ಟು ತುದಿಯ ಎಳೆ ಎಲೆಯಲ್ಲಿ ಸಿಗುವುದಿಲ್ಲ, ಅದರಲ್ಲೂ ಚಿಗುರಿನ ಕಾಲದಲ್ಲಿ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಸರಿ ಅಮ್ಮ ಎಂದೆ. ಚಪ್ಪರದ ಅಂಚಿನಲ್ಲಿ ಇಳಿಬಿದ್ದಿದ್ದ ತುದಿಗಳಿಂದ ಎಲೆ ಕಿತ್ತು, ಬಳ್ಳಿಗೊಂದು ಕವರಿನಂತೆ ತುಂಬಿ, ಐಸ್ ಡಬ್ಬದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಪರೀಕ್ಷೆ ಎರಡು ದಿನದ ಕೆಲಸ. ಎಲೆಯ ತೊಟ್ಟನ್ನು ಸಣ್ಣಗೆ ಕತ್ತರಿಸಿ, ಕಲ್ಬತ್ತಿನಲ್ಲಿ ದ್ರಾವಣ ಹಾಕಿ ಅರೆದು, ತೊಂಬತ್ತಾರು ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗೆ ಹನಿ ಹನಿಯಾಗಿ ತುಂಬಬೇಕು. ನಡುವೆ ಹಲವು ಸಲ ತೊಳೆಯುವುದಿದೆ. ಕೊನೆಗೆ ಬಣ್ಣವಿಲ್ಲದ ಒಂದು ದ್ರವ ಹಾಕಿ ಕಾಯಬೇಕು. ವೈರಸ್ ಇದ್ದ ಗುಳಿ ಹಳದಿಯಾಗುತ್ತದೆ, ಇಲ್ಲದ್ದು ನೀರಿನಂತೆ ಉಳಿಯುತ್ತದೆ. ತಾಳೆ ನೋಡಲೆಂದು ರೋಗವಿರುವ ಎಲೆಯದ್ದೇ ರಸವನ್ನು ಎರಡು ಗುಳಿಗೆ ಹಾಕಿರುತ್ತೇವೆ. ಅವೆರಡು ಹಳದಿಯಾದವು. ಚಿಕ್ಕತಾಯಮ್ಮನ ಸಾಲಿನ ಗುಳಿಗಳು ನೀರಿನಂತೆಯೇ ಉಳಿದವು. ವರದಿಯಲ್ಲಿ ವೈರಸ್ ಕಂಡುಬಂದಿಲ್ಲ ಎಂದು ಟೈಪ್ ಮಾಡಿ, ಸಹಿ ಹಾಕಿಸಿ ಕಳಿಸಿದೆ.

ಆ ಹಾಳೆಗೆ ಚಿಕ್ಕತಾಯಮ್ಮ ಕನಕಪುರದಲ್ಲಿ ಪ್ಲಾಸ್ಟಿಕ್ ಹೊದಿಸಿ ತಂದು ಮನೆಯ ದೇವರ ಪಟದ ಪಕ್ಕ ನೇತುಹಾಕಿದರೆಂದು ಕೆಂಪಣ್ಣ ಫೋನಿನಲ್ಲಿ ಹೇಳಿ ನಕ್ಕ. ನಾನೂ ನಕ್ಕ ಹಾಗೆ ಸದ್ದು ಮಾಡಿದೆ.

ಆ ಹಾಳೆಯ ಹಿಂದೆ ಇದ್ದ ವಿಷಯ ನನಗೆ ಆಮೇಲೆ ತಿಳಿಯಿತು. ಸೋಮಾರಿ ಸಾಲಿನ ಕಡ್ಡಿಗಾಗಿ ನೆಂಟರಿಷ್ಟರು ಹಲವು ವರ್ಷದಿಂದ ಕೇಳುತ್ತಿದ್ದರಂತೆ. ಚಿಕ್ಕತಾಯಮ್ಮ ಕೊಟ್ಟಿರಲಿಲ್ಲ. ಜಿಪುಣತನವಲ್ಲ. ಆ ಕಡೆ ಕಡ್ಡಿ ಕೊಡುವುದೆಂದರೆ ಕೈಗುಣ ಕೊಟ್ಟ ಹಾಗೆ. ಚೆನ್ನಾಗಿ ಬಂದರೆ ಕೊಟ್ಟವರ ಹೆಸರು ಹೇಳುತ್ತಾರೆ, ಕೆಟ್ಟರೂ ಕೊಟ್ಟವರ ಹೆಸರನ್ನೇ ಹೇಳುತ್ತಾರೆ. ಅವರ ಅತ್ತೆ ಕೊಟ್ಟ ನಿಂಬೆ ಸಸಿಗಳು ಒಮ್ಮೆ ಒಣಗಿ, ಆಮೇಲೆ ಆಕೆಯ ಕೈಯಿಂದ ಯಾರೂ ಸೊಪ್ಪಿನ ಬೀಜವನ್ನೂ ತೆಗೆದುಕೊಳ್ಳಲಿಲ್ಲವಂತೆ. ಅದನ್ನು ನೋಡಿದ್ದ ಸೊಸೆ ತನ್ನ ಕೈಯನ್ನು ಜೋಪಾನ ಮಾಡಿಕೊಂಡಿದ್ದಳು. ಈಗ ಲ್ಯಾಬಿನವರೇ ಬರೆದುಕೊಟ್ಟಿದ್ದಾರೆ, ಇನ್ನೇನು ಭಯ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದಾಗ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಕಟ್ಟಿ, ಅರಿಸಿನ ಹಚ್ಚಿ, ಏಳು ಮನೆಗೆ ಕೊಟ್ಟರು. ಮಗಳು ಮಂಜುಳಾಳನ್ನು ಕೊಟ್ಟಿದ್ದ ದೊಡ್ಡಆಲಹಳ್ಳಿಯ ಮನೆಗೆ ಎಲ್ಲಕ್ಕಿಂತ ದೊಡ್ಡ ಕಟ್ಟು.

ಡಿಸೆಂಬರಿನಲ್ಲಿ ವರ್ಷದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ಬಂತು. ರಿಜಿಸ್ಟರಿನ ಒಂದೊಂದು ಸಾಲನ್ನೂ ನೋಡಿ ಟೈಪ್ ಮಾಡುತ್ತಿದ್ದೆ. ಮರಳವಾಡಿಯ ಪುಟದಲ್ಲಿ, ಮಾದರಿಯ ಭಾಗ ಎನ್ನುವ ಕಲಮಿನಲ್ಲಿ ಹನ್ನೆರಡು ಸಲ ಒಂದರ ಕೆಳಗೊಂದು ನನ್ನದೇ ಅಕ್ಷರದಲ್ಲಿ ಇತ್ತು: ತುದಿ ಎಲೆ, ತುದಿ ಎಲೆ, ತುದಿ ಎಲೆ. ಸುಳ್ಳು ಬರೆದಿರಲಿಲ್ಲ. ಆದದ್ದನ್ನು ನೀಟಾಗಿ ಬರೆದು, ಅದರ ಅರ್ಥ ನೋಡದೆ ಪುಟ ತಿರುಗಿಸಿದ್ದೆ.

ನಮ್ಮ ಮೇಲಿನವರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರವಿದ್ದರು. ಕನ್ನಡಕ ಮೇಲೇರಿಸಿ ಪುಟ ನೋಡಿದರು.

"ತುದಿ ಎಲೇಲಿ ಸಿಗದೇ ಇರಬಹುದು, ನಿಜ. ಇಲ್ಲದೇನೂ ಇರಬಹುದಲ್ಲಮ್ಮ. ಯಾರಾದರೂ ದೂರು ಕೊಟ್ಟಿದ್ದಾರಾ?"

"ಇಲ್ಲ ಸರ್."

"ನಿಮ್ಮ ಗುತ್ತಿಗೆ ಮಾರ್ಚಿಗೆ ಮುಗಿಯುತ್ತೆ. ಬೇಕಾದರೆ ಹೋಗಿ ತನ್ನಿ. ಬೇಡದಿದ್ದರೆ ನಾನೇನೂ ಕೇಳಲ್ಲ."

ಮರುದಿನ ಹೋದೆ. ಧೈರ್ಯದಿಂದ ಹೋದೆ ಎಂದು ಹೇಳಲಾರೆ. ಹೋಗದೆ ಇರಲು ಒಂದು ಕಾರಣ ಬೇಕು, ಅದನ್ನು ಹುಡುಕುವ ಶ್ರಮವೂ ನನ್ನಿಂದಾಗುತ್ತಿರಲಿಲ್ಲ.

ಚಪ್ಪರದಲ್ಲಿ ಹೊಸ ಗೊಂಚಲು ಕಾಳು ಕಟ್ಟಿದ್ದವು. ಸೋಮಾರಿ ಸಾಲಿನ ಬುಡದ ಎಲೆಗಳು ನರಗಳ ನಡುವೆ ಕೆಂಪಗಾಗಿ, ಅಂಚು ಕೆಳಗೆ ಮಡಿಸಿಕೊಂಡಿದ್ದವು. ಎಲೆಗೆ ವಯಸ್ಸಾಗಿದೆ ಎಂದು ಅವರು ತಿಳಿದಿದ್ದರು. ಈ ಸಲ ನಾನು ಬಾಯಿ ಬಿಟ್ಟು ಹೇಳಿದೆ.

"ಅಮ್ಮ, ನನಗೆ ಗೊಂಚಲಿನ ಪಕ್ಕದ ಎಲೆಯೇ ಬೇಕು. ತುದಿಯದರಲ್ಲಿ ಗೊತ್ತಾಗೋದಿಲ್ಲ. ನಿಮ್ಮ ಪದ್ಧತಿ ಗೊತ್ತು, ಆದರೂ ಕೇಳ್ತಿದ್ದೀನಿ."

ಅವರು ತಾವೇ ಕೈ ಎತ್ತಿ ಚಟ್ ಚಟ್ ಎಂದು ಎಲೆ ಕಿತ್ತು ನನ್ನ ಕವರಿಗೆ ಹಾಕಿದರು.

"ಹೊರಗ್ನೋರು ಕೀಳಂಗಿಲ್ಲ ಅಂದಿದ್ದು ಮಗಾ. ಮನೆಯೋಳು ನಾನು ಕೀಳಕ್ಕೇನು? ಅವತ್ತೇ ಕೇಳಿದ್ರೆ ಅವತ್ತೇ ಕಿತ್ಕೊಡ್ತಿದ್ದೆ. ಕೇಳ್ಲೇ ಇಲ್ವಲ್ಲ ನೀನು."

ಎರಡನೇ ದಿನ ಸಂಜೆ ಕೊನೆಯ ದ್ರವ ಹಾಕಿ ತಟ್ಟೆಯನ್ನು ಬಿಳಿ ಕಾಗದದ ಮೇಲಿಟ್ಟುಕೊಂಡು ಕೂತೆ. ಹತ್ತು ನಿಮಿಷ ಏನೂ ಇರಲಿಲ್ಲ. ಆಮೇಲೆ ಮೂಲೆಯ ಬಳ್ಳಿಯ ಗುಳಿಗಳು ನಿಂಬೆಹಣ್ಣಿನ ಸಿಪ್ಪೆಯಷ್ಟು ತೆಳುವಾಗಿ ಬಣ್ಣ ಹಿಡಿದವು. ನಂತರ ಅದರ ಪಕ್ಕದವು. ಮುಕ್ಕಾಲು ಗಂಟೆಯಲ್ಲಿ ಆ ಸಾಲಿನ ಹನ್ನೆರಡೂ ಬಳ್ಳಿ, ತಾಳೆಗೆ ಇಟ್ಟದ್ದಕ್ಕಿಂತ ಗಾಢ ಹಳದಿ. ನನಗೆ ಆಗಲೂ ಅಳು ಬರಲಿಲ್ಲ. ಕೈಗವಸು ಕಳಚಿ ಕೈ ತೊಳೆದುಕೊಂಡೆ, ರಿಜಿಸ್ಟರಿನಲ್ಲಿ ಬರೆದೆ.

ಈ ಮಾತನ್ನು ಫೋನಿನಲ್ಲಿ ಹೇಳಬಾರದೆನ್ನುವಷ್ಟು ನನಗೆ ತಿಳಿದಿತ್ತು. ಚಿಕ್ಕತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರು ಕೂತು ಹೇಳಿದೆ. ಬಳ್ಳಿಯಲ್ಲಿ ವೈರಸ್ ಇದೆ. ಮೊದಲೂ ಇತ್ತು. ನಾನು ತುದಿಯ ಎಲೆ ತಂದದ್ದರಿಂದ ಕಾಣಲಿಲ್ಲ. ಕಡ್ಡಿಯ ಮೂಲಕ ಏಳೂ ಮನೆಗೆ ಹೋಗಿದೆ. ಅಲ್ಲಿಂದ ಹಿಟ್ಟು ತಿಗಣೆ ಎನ್ನುವ ರಸ ಹೀರುವ ಬಿಳಿ ಹುಳು ಅದನ್ನು ಪಕ್ಕದ ಬಳ್ಳಿಗಳಿಗೆ ದಾಟಿಸುತ್ತದೆ.

"ಮದ್ದು?"

"ಇಲ್ಲ ಅಮ್ಮ. ಕೀಳಬೇಕು."

"ಅಷ್ಟ್ ಚೆಂದಾಗಿ ಫಸ್ಲು ಬತ್ತಾದಲ್ಲ. ತಡ ಆಯ್ತದೆ ಅಷ್ಟೇಯಾ."

"ತಡ ಆಗೋದೇ ಕಾಯಿಲೆ, ಅಮ್ಮ. ಹಣ್ಣಿಗೆ ಸಕ್ಕರೆ ತುಂಬೋಕೆ ಅದು ಬಿಡೋದಿಲ್ಲ."

ಅವರ ಬೆರಳು ಅವರೆಕಾಯಿಯ ಮೇಲೆ ನಿಂತಿತು. "ಹಂಗಾರೆ ಹನ್ನೆರಡ್ ವರ್ಸ ನಾನು ಕಾಯಿಲೆನ ಸಾಕಿದ್ನಾ?"

ಬಾಗಿಲಲ್ಲಿ ನಿಂತಿದ್ದ ಕೆಂಪಣ್ಣ ಎಂದಿನಂತೆ ಏನೋ ತಮಾಷೆಗೆ ಬಾಯಿ ತೆರೆದು ಮುಚ್ಚಿಕೊಂಡ. ಚಿಕ್ಕತಾಯಮ್ಮ ಮೊರ ಪಕ್ಕಕ್ಕೆ ಸರಿಸಿ ಎದ್ದರು.

"ಕೆಂಪಣ್ಣ, ಈ ಕಡೆ ನಾಕು ಮನೆಗೆ ನೀನೋಗು. ಸಾತನೂರು ಕಡೆ ಮೂರಕ್ಕೆ ನಾನೋಯ್ತೀನಿ. ಜನದ ಬಾಯಿಂದ ಅವ್ರಿಗೆ ಗೊತ್ತಾಗ್ಬಾರ್ದು."

"ನಾನೂ ಬರ್ತೀನಿ," ಎಂದೆ.

"ನೀನ್ಯಾಕೆ ಉಗಿಸ್ಕೊಳಕ್ಕೆ?" ಎಂದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಮಾರನೆಯ ದಿನ ಬೆಳಗ್ಗೆ ಕನಕಪುರದಲ್ಲಿ ಬಸ್ಸು ಬದಲಿಸಿದೆವು. ಬಯಲಿನ ರಾಗಿ ಕೊಯ್ಲು ಮುಗಿದು ಮೆದೆ ಎದ್ದಿದ್ದವು. ಸಾತನೂರಿನಲ್ಲಿ ಎರಡು ಮನೆ. ಮೊದಲನೆಯದರಲ್ಲಿ ಎರಡು ಮಾತಿಲ್ಲದೆ ಕಿತ್ತುಕೊಟ್ಟರು. ಎರಡನೆಯದು ಅವರ ದೊಡ್ಡಪ್ಪನ ಮಗನದು. ಆತ ಹಾಲಿನ ಕ್ಯಾನು ತೊಳೆಯುತ್ತ ಎಲ್ಲ ಕೇಳಿಸಿಕೊಂಡು ಹೇಳಿದ:

"ಏನವ್ವಾ, ಕೊಟ್ಟ ಹೆಣ್ಣ ವರ್ಸ ತುಂಬೋಕ್ ಮುಂಚೇನೇ ವಾಪಸ್ ಕರ್ಕಂಡೋಗಕ್ಕೆ ಬಂದಂಗೈತೆ."

"ಹೆಣ್ಣಲ್ಲಿ ತಪ್ಪಿಲ್ಲ ಕಣಣ್ಣ. ಕೊಟ್ಟೋಳ್ದು."

"ನಿಮ್ಮತ್ತೆ ಕೈಯೇ ನಿಂಗೂ ಬಂತು ಅನ್ನು."

ಚಿಕ್ಕತಾಯಮ್ಮ ಸೆರಗು ಬಿಗಿದುಕೊಂಡು ಗುದ್ದಲಿ ಕೇಳಿದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಾಗೆ ಮುಖ ಇಟ್ಟುಕೊಳ್ಳಲು ಎಷ್ಟು ಬಲ ಬೇಕೆಂದು ಆ ವರ್ಷ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ.

ದೊಡ್ಡಆಲಹಳ್ಳಿಗೆ ತಲುಪಿದಾಗ ಮಧ್ಯಾಹ್ನ. ಮಂಜುಳಾ ತಾಯಿಯನ್ನು ಕಂಡ ಕೂಡಲೇ ಹಿತ್ತಿಲಿಗೆ ಎಳೆದುಕೊಂಡು ಹೋದಳು, ತೋರಿಸಲಿಕ್ಕೆ. ಹೊಸ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬುಡಕ್ಕೆ ಪಾತಿ ಮಾಡಿದ್ದರು. ಪ್ರತಿ ಕಂಬದ ಬುಡದಲ್ಲೂ ಗೇಣುದ್ದದ ಚಿಗುರು. ಒಂದೂ ಸತ್ತಿರಲಿಲ್ಲ. "ನೋಡವ್ವ, ನಿನ್ ಕೈ," ಎಂದಳು.

ಚಿಕ್ಕತಾಯಮ್ಮ ಅಲ್ಲೇ ನಿಂತು ಹೇಳಿಬಿಟ್ಟರು. ಮಂಜುಳಾ ಕಂಬ ಹಿಡಿದುಕೊಂಡಳು. ಅವಳ ಅತ್ತೆ ನಿಂಗಮ್ಮ ಹಿಂದೆಯೇ ಬಂದಿದ್ದರು.

"ಕಂಬ ನೆಡ್ಸಿ ಆದ್ಮೇಲೆ ಹೇಳ್ತಿದ್ದೀರಲ್ಲ ಬೀಗಿತ್ತಿ. ಪರೀಕ್ಸೆ ಆಗೈತೆ, ಲ್ಯಾಬಿನ್ ಕಾಗ್ದ ಐತೆ ಅಂತ ಊರಿಗೆಲ್ಲ ಹೇಳ್ಕಂಡ್ ಬಂದಿದ್ರಿ. ಯಾರು ಬರ್ಕೊಟ್ಟಿದ್ದು ಆ ಕಾಗ್ದನ?"

"ಅದೆಲ್ಲ ಯಾಕೆ ಈಗ? ಯಾರೋ ಲ್ಯಾಬ್ನೋರು. ಕೊಟ್ಟಿದ್ದು ನನ್ ಕೈಯಿ."

ನನ್ನ ಕಡೆ ಅವರು ನೋಡಲಿಲ್ಲ. ಬೆಳಗಿನಿಂದ ಮೂರನೆಯ ಮನೆ ಇದು. ಲ್ಯಾಬಿನವರ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಾದ ಹೆಂಗಸು ಮೂರು ಸಲವೂ ತನ್ನ ಕೈಯನ್ನೇ ಮುಂದೆ ಚಾಚಿದ್ದರು.

"ನಾನು," ಎಂದೆ. ಒಂದು ಹೆಜ್ಜೆ ಮುಂದೆ ಬಂದೆ. "ನಾನು ಬರೆದುಕೊಟ್ಟಿದ್ದು. ಬುಡದ ಎಲೆ ತರಬೇಕಿತ್ತು, ತುದಿಯ ಎಲೆ ತಂದೆ. ಗೊತ್ತಿದ್ದೂ ತಂದೆ. ಇವರ ಕೈಯಲ್ಲಿ ತಪ್ಪಿಲ್ಲ."

ನಿಂಗಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಗೊತ್ತಿದ್ದೂ ಯಾಕ್ ತಂದೆ?"

"ಬುಡದ ಎಲೆಯೇ ಬೇಕು ಅಂತ ಇವರನ್ನ ಕೇಳಬೇಕಿತ್ತು. ಕೇಳಲಿಲ್ಲ," ಎಂದೆ. ಅದಕ್ಕಿದ್ದ ಕಾರಣವನ್ನು ಅವರಿಗೆ ಹೇಳುವಂತಿರಲಿಲ್ಲ.

"ಬಾಯ್ ಬುಟ್ಟು ಕೇಳ್ದೆ ಕೆಟ್ಟೋರ್ನ ಇವತ್ತು ನೋಡ್ದಂಗಾಯ್ತು," ಎಂದರು ನಿಂಗಮ್ಮ. "ನಿಂತ್ಕಂಡ್ ಏನ್ ನೋಡ್ತೀಯ? ಬಗ್ಗು. ಈ ಕಡೆಯಿಂದ ನೀನು ಕೀಳು, ಆ ಕಡೆಯಿಂದ ನಾನು ಕಿತ್ಕ ಬತ್ತೀನಿ."

ಚಪ್ಪಲಿ ಕಳಚಿಟ್ಟು ಬಗ್ಗಿದೆ. ಬೆಳಗ್ಗೆ ನೀರು ಹಾಯಿಸಿದ್ದ ಪಾತಿ, ಮಣ್ಣು ಮೃದುವಾಗಿತ್ತು. ಕಡ್ಡಿ ಸುಲಭವಾಗಿ ಬಂತು, ಬುಡದಲ್ಲಿ ಬಿಳಿಯ ಹೊಸ ಬೇರುಗಳು, ಬೆರಳುದ್ದ, ಒಂದೊಂದರ ತುದಿಗೂ ಮಣ್ಣಿನ ಕಣ ಕಚ್ಚಿಕೊಂಡಿತ್ತು. ನೋಡಲು ಪೂರ್ತಿ ಆರೋಗ್ಯದ ಗಿಡ. ಎರಡನೆಯದನ್ನು ಕಿತ್ತೆ, ಮೂರನೆಯದನ್ನು ಕಿತ್ತೆ. ನಾಲ್ಕನೆಯದರ ಹೊತ್ತಿಗೆ ಮುಂದಿನ ಕಂಬ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಬೆವರೆಂದುಕೊಂಡೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಅದಕ್ಕೆ ಇಂದಿಗೂ ಅವರಿಗೆ ಋಣಿ. ಎಲ್ಲವನ್ನೂ ರಾಶಿ ಹಾಕಿ, ಸೀಮೆಎಣ್ಣೆ ಚಿಮುಕಿಸಿ ಬೆಂಕಿ ಕೊಟ್ಟೆವು. ಹಸಿ ಕಡ್ಡಿ ಬಹಳ ಹೊತ್ತು ಹೊಗೆಯಾಡಿತು.

"ಮುದ್ದೆ ತಿಂತೀಯಾ, ಅನ್ನನೇನಾ?" ನಿಂಗಮ್ಮ ಕೈಗೆ ನೀರು ಹಾಕುತ್ತ ಕೇಳಿದರು. ಮುದ್ದೆ ಎಂದೆ. ಬಡಿಸುವಾಗ ಬೀಗಿತ್ತಿಯ ತಟ್ಟೆಗೆ ಅವರೇ ತುಪ್ಪ ಹಾಕಿದರು. "ಮುಂದಿನ್ ಸಲ ಒಳ್ಳೆ ಕಡ್ಡಿ ಸಿಕ್ರೆ ನೀವೇ ತಂದು ನೆಡ್ಬೇಕು," ಎಂದರು. ಚಿಕ್ಕತಾಯಮ್ಮ ತಲೆ ಬಗ್ಗಿಸಿ ಬೇಗ ಬೇಗ ಉಂಡರು.

ವಾಪಸು ಬರುವ ಬಸ್ಸಿನಲ್ಲಿ ಅವರು ಒಂದೇ ಮಾತು ಕೇಳಿದ್ದು. "ನಾಳೆ ನನ್ ಸಾಲು. ಬತ್ತೀಯಾ?"

ಏಳು ಮನೆಯದು ಮುಗಿಯುವವರೆಗೆ ತಮ್ಮದನ್ನು ಮುಟ್ಟಿರಲಿಲ್ಲ. ಹೋದೆ. ಕೆಂಪಣ್ಣ ಗರಗಸ ಮಸೆದು ತಂದಿದ್ದ. ಹನ್ನೆರಡು ವರ್ಷದ ಕಾಂಡ ಕೀಳಲು ಬರುವುದಿಲ್ಲ, ಮೊದಲು ಕೊಯ್ದು, ಆಮೇಲೆ ಬುಡ ಅಗೆಯಬೇಕು. ಕೊಯ್ದ ಕಾಂಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನಕ್ಕೆ ಹನ್ನೊಂದು ಬಳ್ಳಿ ಇಳಿದು, ಚಪ್ಪರದ ಆ ಬದಿ ತೆರೆದುಕೊಂಡು, ನೆರಳಿದ್ದಲ್ಲಿ ಬಿಸಿಲು ಬಿದ್ದಿತ್ತು. ಮೂಲೆಯದೊಂದು ಉಳಿಯಿತು.

ಚಿಕ್ಕತಾಯಮ್ಮ ಗರಗಸ ಹಿಡಿದು ಅದರ ಮುಂದೆ ನಿಂತರು. ಎಡಗೈಯನ್ನು ಕಾಂಡದ ಮೇಲಿಟ್ಟರು. ಕೆಂಪಣ್ಣ ದೂರ ಹೋಗಿ ಬೀಡಿ ಹಚ್ಚಿದ.

"ಮಗಾ, ಇದೊಂದ ಬುಟ್ಬುಡನಾ? ಬ್ಯಾರೆ ಯಾವ್ದೂ ಪಕ್ಕದಲ್ಲಿಲ್ಲ ಈಗ. ಯಾರ್ಗೂ ಕಡ್ಡಿ ಕೊಡಲ್ಲ. ನನ್ ಆಣೆ."

ಹೂಂ ಎನ್ನುವುದು ಸುಲಭವಿತ್ತು. ಆ ವರ್ಷವೆಲ್ಲ ನಾನು ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಅವರ ಮುಖ ನೋಡಿದೆ. ಅಲ್ಲಿ ಕಂಡದ್ದು ನನಗೆ ನೋವಾಗುವಷ್ಟು ಸ್ಪಷ್ಟವಾಗಿ ಕಂಡಿತು.

"ಬೇಡಮ್ಮ," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಗರಗಸವನ್ನು ನನ್ನ ಕೈಗೆ ಕೊಟ್ಟು, ಬಳ್ಳಿ ಅಲುಗದ ಹಾಗೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಹಂಗಾರೆ ನೀನ್ ಕುಯ್ಯಿ," ಎಂದರು. "ನಾನ್ ಹಿಡ್ಕತ್ತೀನಿ."